ಶಂಖದ ತವರು

‘ಶಂಖದಿಂದ ಬಿದ್ದರೇ ತೀರ್ಥ’ ಎಂಬುದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ಗಾದೆ. ದೇವರ ಮನೆಯಲ್ಲಿ, ತನಗೆಂದೇ ಮಾಡಿದ ಪುಟ್ಟ ಹಿತ್ತಾಳೆಯ ಪೀಠದ ಮೇಲೆ ಶಂಖವು ಕುಳಿತಿರುತ್ತದೆ. ಶ್ರಾವಣ ಶನಿವಾರಗಳಂದು ದಾಸಯ್ಯನು ಅದನ್ನು ಊದಿ, ಜಾಗಟೆ ಬಾರಿಸಿ, ಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಬೇಲೂರಿನ ಗುಡಿಯ ಗೋಡೆಯ ಮೇಲಿನ ವಿಷ್ಣುವಿನ ಕೈಯಲ್ಲಿಯೂ ಅದೇ ಶಂಖವಿದೆ. ಇಷ್ಟು ನಿಕಟವಾದ ವಸ್ತುವಾದರೂ, ಅದು ಯಾವ ಪ್ರಾಣಿಯದು, ಯಾವ ಕಡಲಿನದು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಉತ್ತರ ತಿಳಿಯದಿದ್ದರೆ ಪೂಜೆಗೇನೂ ಕುಂದಿಲ್ಲ. ಆದರೆ ಅಂಗಡಿಯಲ್ಲಿ ನಿಂತು ಶಂಖವನ್ನು ಕೊಳ್ಳುವಾತನಿಗೆ ಮೋಸವಾಗಬಹುದು. ಮಣ್ಣಿನಡಿಯಲ್ಲಿ ಬಳೆಯ ಚೂರೊಂದು ದೊರೆತಾಗ ಅದು ಹೇಳುವ ಕಥೆ ಅರ್ಥವಾಗದೆ ಹೋಗಬಹುದು.

ಶಂಖವು ಕಲ್ಲಲ್ಲ, ಎಲುಬೂ ಅಲ್ಲ. ಮಳೆಗಾಲದಲ್ಲಿ ತೋಟದ ಗೋಡೆಯ ಮೇಲೆ ಮೆಲ್ಲಮೆಲ್ಲನೆ ಹರಿದುಹೋಗುವ ಬಸವನಹುಳುವಿನ ಕಡಲವಾಸಿ ನಂಟನೊಬ್ಬನ ಮನೆ ಅದು. ಮೃದ್ವಂಗಿಗಳೆಂಬ ಮೆತ್ತನೆಯ ಮೈಯ ಪ್ರಾಣಿವರ್ಗಕ್ಕೆ ಇವೆರಡೂ ಸೇರಿವೆ. ಪ್ರಾಣಿಯ ಮೈಯನ್ನು ಹೊದ್ದಿರುವ ತೆಳುವಾದ ಪೊರೆಯೊಂದು ಸುಣ್ಣದ ಅಂಶವನ್ನು ಒಸರಿಸಿ ಚಿಪ್ಪನ್ನು ಕಟ್ಟುತ್ತದೆ. ಮೈ ಬೆಳೆದಂತೆ ಚಿಪ್ಪಿನ ಬಾಯಿಯ ಅಂಚಿಗೆ ಹೊಸ ಪದರ ಕೂಡುತ್ತದೆ. ಹಾಗೆ ಕೂಡುತ್ತ ಹೋದುದೇ ಸುರುಳಿ. ಆದುದರಿಂದ ಶಂಖದ ಶಿಖರದ ತುತ್ತತುದಿಯು ಅದರ ಶೈಶವ, ಬಾಯಂಚು ಅದರ ವಾರ್ಧಕ್ಯ. ಮನುಷ್ಯನು ಬಾಲ್ಯದ ಅಂಗಿಯನ್ನು ಕಳಚಿ ಎಸೆಯುತ್ತಾನೆ. ಈ ಪ್ರಾಣಿ ಅದನ್ನು ಕೊನೆಯವರೆಗೂ ತಲೆಯ ಮೇಲೆ ಹೊತ್ತೇ ತಿರುಗುತ್ತದೆ.

ಜೀವಂತ ಶಂಖವನ್ನು ಕಂಡವರು ಅದನ್ನು ಗುರುತಿಸಲಾರದೆ ಹೋದರೆ ಅಚ್ಚರಿಯೇನೂ ಇಲ್ಲ. ಕೆಲವು ಮೀಟರುಗಳಿಂದ ಇಪ್ಪತ್ತು ಮೀಟರುಗಳವರೆಗಿನ ಆಳದಲ್ಲಿ, ಮರಳು ಅಥವಾ ಕೆಸರು ಬೆರೆತ ಮರಳಿನ ನೆಲದಲ್ಲಿ, ಅರ್ಧ ಹೂತುಕೊಂಡು ಅದು ಬಾಳುತ್ತದೆ. ಮರಳಿನೊಳಗಿನ ಹುಳುಗಳು ಅದರ ಆಹಾರ. ಚಿಪ್ಪಿನ ಮೇಲೆ ಕಂದುಬಣ್ಣದ ದಪ್ಪ ಹೊರಸಿಪ್ಪೆಯೊಂದು ಅಂಟಿಕೊಂಡಿರುತ್ತದೆ. ಕವಿಗಳು ಹೊಗಳುವ ಚಂದ್ರಧವಳ ಕಾಂತಿಯು, ಒಳಗಿನ ಮಾಂಸವನ್ನು ತೆಗೆದು, ಮೇಲಿನ ಸಿಪ್ಪೆಯನ್ನು ಕೆರೆದು, ಉಜ್ಜಿ ತೊಳೆದ ಅನಂತರ ಹೊರಬರುವಂಥದು. ಕಡಲಿನ ತಳದಲ್ಲಿರುವಾಗ ಶಂಖವು ಮಣ್ಣಿನ ಹೆಂಟೆಯಂತೆ ಕಾಣುತ್ತದೆ.

ಈ ಪ್ರಾಣಿಗೆ ವಿಜ್ಞಾನಿಗಳು ಕೊಟ್ಟಿರುವ ಹೆಸರು ಟರ್ಬಿನೆಲ್ಲ ಪೈರಮ್. ಸ್ವೀಡನ್ನಿನ ಲಿನೇಯಸನು ೧೭೬೭ರಲ್ಲಿ ಇದಕ್ಕೆ ಪೈರಮ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಪೇರುಹಣ್ಣು ಎಂದು ಅರ್ಥ. ಯೂರೋಪಿನ ಪೇರುಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಪೂರವಾಗಿರುವುದನ್ನು ಕಂಡವರಿಗೆ ಹೋಲಿಕೆ ಹೊಳೆಯುತ್ತದೆ. ಇಪ್ಪತ್ತನೆಯ ಶತಮಾನದ ಎಷ್ಟೋ ಗ್ರಂಥಗಳಲ್ಲಿ ಇದೇ ಪ್ರಾಣಿಯು ಕ್ಸಾಂಕಸ್ ಪೈರಮ್ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಕ್ಸಾಂಕಸ್ ಎಂಬುದನ್ನು ಎರಡು ಸಲ ಉಚ್ಚರಿಸಿ ನೋಡಿದರೆ ಸಾಕು, ನಮ್ಮ ಶಂಖವೇ ಲ್ಯಾಟಿನ್ನಿನ ಉಡುಪು ತೊಟ್ಟು ನಿಂತಿರುವುದು ತಿಳಿಯುತ್ತದೆ. ಹೆಸರಿಡುವ ನಿಯಮಗಳಿಗೆ ಅನುಸಾರವಾಗಿ ಆ ಹೆಸರನ್ನು ಈಗ ಕೈಬಿಡಲಾಗಿದೆ. ಇದೊಂದು ಸಣ್ಣ ನಷ್ಟವೆಂದೇ ಹೇಳಬೇಕು.

ಕಡಲಿನಲ್ಲಿ ಸುರುಳಿ ಚಿಪ್ಪಿನ ಪ್ರಾಣಿಗಳು ಸಾವಿರಾರು ಬಗೆಯಿವೆ. ಅವುಗಳಲ್ಲಿ ಊದಲು ಬರುವಷ್ಟು ದೊಡ್ಡವೂ ಹಲವು. ಜಪಾನಿನಲ್ಲಿಯೂ ಶಾಂತಸಾಗರದ ದ್ವೀಪಗಳಲ್ಲಿಯೂ ಊದುವುದು ಟ್ರೈಟನ್ ಎಂಬ ಬೇರೊಂದು ಚಿಪ್ಪನ್ನು. ಅದರ ಮೈಯ ಮೇಲೆ ಕಂದು ಚಿತ್ತಾರವಿದ್ದು ಬಾಯಿಯು ಕಿತ್ತಳೆಯ ಬಣ್ಣದ್ದಾಗಿರುತ್ತದೆ. ಹೀಗಿರುವಾಗ ಶಂಖವನ್ನು ಇದೇ ಎಂದು ಗುರುತಿಸುವ ಬಗೆ ಹೇಗೆ? ಬಣ್ಣವನ್ನು ನಂಬುವಂತಿಲ್ಲ, ಆಮ್ಲದಲ್ಲಿ ಅದ್ದಿ ಉಜ್ಜಿದರೆ ಎಂತಹ ಚಿಪ್ಪೂ ಬೆಳ್ಳಗಾಗುತ್ತದೆ. ಗಾತ್ರವನ್ನೂ ನಂಬುವಂತಿಲ್ಲ, ಮರಿಯೂ ಶಂಖವೇ, ಮುದಿಯೂ ಶಂಖವೇ. ಕೈಯಲ್ಲಿ ಹಿಡಿದಾಗ ತಿಳಿಯುವ ತೂಕವು ಒಂದು ಸುಳಿವು. ಟರ್ಬಿನೆಲ್ಲದ ಗೋಡೆ ಬಹಳ ದಪ್ಪ. ಅಷ್ಟೇ ಗಾತ್ರದ ಇತರ ಚಿಪ್ಪುಗಳಿಗಿಂತ ಅದು ಭಾರವಾಗಿರುತ್ತದೆ. ಆದರೆ ನಿಶ್ಚಯವಾದ ಗುರುತು ಇರುವುದು ಬಾಯಿಯ ಒಳಗೆ.

ಸುರುಳಿ ಚಿಪ್ಪಿನ ನಡುವೆ, ಶಿಖರದಿಂದ ಕೆಳತುದಿಯವರೆಗೆ, ಸುರುಳಿಗಳೆಲ್ಲವೂ ಸುತ್ತಿಕೊಂಡಿರುವ ಕಂಬವೊಂದಿದೆ. ಅದನ್ನು ನಡುಗಂಬವೆನ್ನೋಣ. ಶಂಖವನ್ನು ಬೆಳಕಿಗೆ ಹಿಡಿದು ಬಾಯಿಯೊಳಗೆ ಇಣುಕಿದರೆ ಈ ಕಂಬದ ಒಂದು ಪಾರ್ಶ್ವ ಕಾಣುತ್ತದೆ. ಅದರ ಮೇಲೆ ಅಡ್ಡಲಾಗಿ, ಹಗ್ಗದ ಎಳೆಗಳಂತೆ ಉಬ್ಬಿದ ಮೂರು, ಕೆಲವೊಮ್ಮೆ ನಾಲ್ಕು, ಬಲವಾದ ಏಣುಗಳಿರುತ್ತವೆ. ಬೆರಳನ್ನು ಒಳಗೆ ಹಾಕಿ ಸವರಿದರೆ ಕಣ್ಣು ಕಾಣದವನಿಗೂ ಅವು ಸಿಕ್ಕುತ್ತವೆ. ಈ ಏಣುಗಳು ಕಂಬದೊಡನೆ ಸುತ್ತಿಕೊಂಡು ಒಳಗಿನ ಕೊನೆಯ ಸುರುಳಿಯವರೆಗೂ ಸಾಗುತ್ತವೆ. ಆದುದರಿಂದ ಶಂಖವನ್ನು ಒಡೆದರೂ ಕೊಯ್ದರೂ ನಡುಗಂಬದ ಗೇಣುದ್ದದ ತುಂಡೊಂದು ಉಳಿದಿದ್ದರೆ ಸಾಕು, ಬಲ್ಲವರು ಅದರ ಹೆಸರನ್ನು ಹೇಳಬಲ್ಲರು.

ಈಗ ಬಲಮುರಿ ಶಂಖದ ವಿಷಯ. ಶ್ರೀರಂಗಪಟ್ಟಣದ ಸಮೀಪ ಕಾವೇರಿಯು ತಿರುಗುವೆಡೆಯಲ್ಲಿ ಬಲಮುರಿ, ಎಡಮುರಿ ಎಂಬ ಎರಡು ಸ್ಥಳಗಳಿವೆ. ಮುರಿ ಎಂದರೆ ತಿರುವು. ಶಂಖದ ಸುರುಳಿಗೂ ಇಂಥದೇ ಎರಡು ತಿರುವು ಸಾಧ್ಯ. ಆದರೆ ಶಾಸ್ತ್ರದ ಮಾತೂ ವಿಜ್ಞಾನದ ಮಾತೂ ಇಲ್ಲಿ ಒಂದಕ್ಕೊಂದು ವಿರುದ್ಧವಾಗಿರುವಂತೆ ತೋರಿ ಓದುಗರನ್ನು ಗಲಿಬಿಲಿಗೊಳಿಸುತ್ತವೆ. ಸಂಪ್ರದಾಯವು ಬಲಮುರಿ ಅಥವಾ ದಕ್ಷಿಣಾವರ್ತ ಎಂದು ಕರೆಯುವ ಅಪರೂಪದ ಶಂಖವನ್ನು ವಿಜ್ಞಾನಿಗಳು ಎಡಸುರುಳಿಯದೆಂದು ಕರೆಯುತ್ತಾರೆ! ಇಬ್ಬರೂ ತಪ್ಪಲ್ಲ. ವಿಜ್ಞಾನಿಯು ಚಿಪ್ಪಿನ ಶಿಖರವನ್ನು ಮೇಲೆ ಮಾಡಿ, ಬಾಯಿಯನ್ನು ತನ್ನತ್ತ ತಿರುಗಿಸಿ ಹಿಡಿಯುತ್ತಾನೆ. ಹಾಗೆ ಹಿಡಿದಾಗ ಸಾಮಾನ್ಯ ಶಂಖದ ಬಾಯಿಯು ಅವನ ಬಲಕ್ಕೆ ಬರುತ್ತದೆ. ಪೂಜೆ ಮಾಡುವವನು ತೀರ್ಥ ಸುರಿಯುವ ಕೊಕ್ಕನ್ನು ಮೇಲೆ ಅಥವಾ ಮುಂದೆ ಮಾಡಿ, ಶಿಖರವನ್ನು ತನ್ನ ಕಡೆಗೆ ಇಟ್ಟುಕೊಳ್ಳುತ್ತಾನೆ. ವಸ್ತುವನ್ನು ತಲೆಕೆಳಗು ಮಾಡಿದಾಗ ಬಲವು ಎಡವಾಗುವುದು ಸಹಜವಷ್ಟೆ? ಆದುದರಿಂದ ಅವನ ಕೈಯಲ್ಲಿ ಅದೇ ಸಾಮಾನ್ಯ ಶಂಖದ ಬಾಯಿಯು ಎಡಕ್ಕೆ ಬೀಳುತ್ತದೆ. ಬಾಯಿ ಬಲಕ್ಕೆ ತೆರೆಯುವ ಶಂಖವು ಅವನಿಗೆ ದೊರೆಯುವುದು ಅತಿ ಅಪರೂಪ. ಹಿಡಿಯುವ ಬಗೆ ಬೇರೆಯಾದುದರಿಂದ ಹೆಸರೂ ಬೇರೆಯಾಯಿತು.

ಈ ಎಡಬಲಗಳ ತೊಡಕು ಮಹಾಕಲಾವಿದರನ್ನೂ ಬಿಟ್ಟಿಲ್ಲ. ಡಚ್ ಕಲಾವಿದ ರೆಂಬ್ರಾಂಟನು ೧೬೫೦ರಲ್ಲಿ ಕಡಲಚಿಪ್ಪೊಂದನ್ನು ಲೋಹದ ಹಲಗೆಯ ಮೇಲೆ ಕೊರೆದು ಮುದ್ರಿಸಿದನು. ಹಲಗೆಯಲ್ಲಿ ಕೊರೆದುದು ಕಾಗದದ ಮೇಲೆ ಕನ್ನಡಿಯ ಬಿಂಬದಂತೆ ತಿರುಗಿ ಬೀಳುತ್ತದೆ. ತನ್ನ ಹೆಸರನ್ನು ಮಾತ್ರ ಆತನು ಎಚ್ಚರದಿಂದ ತಿರುಗಿಸಿ ಕೊರೆದನು. ಚಿಪ್ಪನ್ನು ಕಂಡ ಹಾಗೆಯೇ ಕೊರೆದನು. ಫಲವಾಗಿ ಹೆಸರು ನೇರವಾಗಿ ಮೂಡಿತು, ಚಿಪ್ಪಿನ ಸುರುಳಿ ತಿರುಗುಮುರುಗಾಯಿತು.

ಬಲಮುರಿ ಶಂಖವು ಏಕೆ ಅಪರೂಪ? ಕೊಳದ ಬಸವನಹುಳುವಿನ ಒಂದು ಬಗೆಯಲ್ಲಿ ಈ ಪ್ರಶ್ನೆಯನ್ನು ವಿಜ್ಞಾನಿಗಳು ಬಹುಕಾಲ ಪರಿಶೀಲಿಸಿದ್ದಾರೆ. ಸುರುಳಿಯು ಯಾವ ಕಡೆಗೆ ತಿರುಗಬೇಕೆಂಬುದು ಮೊಟ್ಟೆಯೊಳಗಿನ ಜೀವವು ನಾಲ್ಕು ಕಣಗಳಿಂದ ಎಂಟು ಕಣಗಳಾಗಿ ಒಡೆಯುವ ಹೊತ್ತಿಗೇ ನಿಶ್ಚಯವಾಗಿರುತ್ತದೆ. ಅದನ್ನು ನಿಶ್ಚಯಿಸುವುದು ಮರಿಯ ಸ್ವಂತ ಗುಣವಲ್ಲ, ತಾಯಿಯಿಂದ ಬಂದ ಗುಣ ಎಂಬ ವಿವರಣೆಯು ೧೯೨೩ರಲ್ಲಿಯೇ ಬಂದಿತು. ಅದಕ್ಕೆ ಕಾರಣವಾದ ಜೀನನ್ನು ಕೆಡಿಸಿದರೆ ಬಲಸುರುಳಿಯ ತಳಿಯಲ್ಲಿಯೂ ಎಡಸುರುಳಿಯ ಮರಿಗಳು ಹುಟ್ಟುವುದನ್ನು ಜಪಾನಿನ ವಿಜ್ಞಾನಿಗಳು ೨೦೧೯ರಲ್ಲಿ ತೋರಿಸಿಕೊಟ್ಟರು. ಶಂಖದಲ್ಲಿಯೂ ಎಲ್ಲೋ ಒಮ್ಮೊಮ್ಮೆ ಇಂತಹ ತಿರುವು ಮರಿಯೊಂದು ಹುಟ್ಟುತ್ತದೆ. ಲಕ್ಷಾಂತರ ಶಂಖಗಳಲ್ಲಿ ಒಂದು ಎಂದು ಹೇಳುವುದು ವಾಡಿಕೆ. ಅಪರೂಪವಾದುದಕ್ಕೆ ಬೆಲೆ, ಬೆಲೆಯಿರುವಲ್ಲಿ ಕಪಟ.

ತೀರ್ಥಕ್ಷೇತ್ರಗಳ ಅಂಗಡಿಗಳಲ್ಲಿ ‘ಬಲಮುರಿ ಶಂಖ’ಗಳು ಸಾಲುಸಾಲಾಗಿ ಇರುವುದನ್ನು ನೋಡಬಹುದು. ಲಕ್ಷಾಂತರಕ್ಕೆ ಒಂದರಂತೆ ದೊರೆಯುವ ವಸ್ತು ಒಂದೇ ಅಂಗಡಿಯಲ್ಲಿ ಹತ್ತಾರು ಇರುವುದು ಹೇಗೆಂದು ಕೊಳ್ಳುವಾತನು ಕೇಳುವುದಿಲ್ಲ. ಮನೆಗೆ ಐಶ್ವರ್ಯ ಬರುತ್ತದೆಂಬ ಮಾತಿಗೆ ಮರುಳಾಗಿ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೇ ಅದಕ್ಕೆ ಸುರಿಯುವವರೂ ಉಂಟು. ಮಾರುವವನು ಪರೀಕ್ಷೆಯನ್ನೂ ತೋರಿಸುತ್ತಾನೆ: ಕಿವಿಗೆ ಹಿಡಿದರೆ ಓಂಕಾರ ಕೇಳಿಸುತ್ತದೆ ಎನ್ನುತ್ತಾನೆ. ಕೇಳಿಸುವುದೇನೋ ನಿಜ. ಒಳಗೆ ಪೊಳ್ಳಾದ ಯಾವ ಚಿಪ್ಪನ್ನು ಹಿಡಿದರೂ, ಬರಿಯ ತಂಬಿಗೆಯನ್ನು ಹಿಡಿದರೂ, ಸುತ್ತಲಿನ ಸದ್ದು ಒಳಗೆ ಅನುರಣಿಸಿ ಅಂಥದೇ ಮೊರೆತ ಕೇಳಿಸುತ್ತದೆ.

ಆ ಅಂಗಡಿಯ ಚಿಪ್ಪುಗಳು ಪ್ಲಾಸ್ಟಿಕ್ಕಿನವಲ್ಲ, ಪಿಂಗಾಣಿಯವೂ ಅಲ್ಲ. ನಿಜವಾದ ಕಡಲಪ್ರಾಣಿಯ ಚಿಪ್ಪುಗಳೇ, ನಿಜವಾಗಿಯೂ ಎಡಸುರುಳಿಯವೇ. ಆದರೆ ಬಾಯಿಯೊಳಗೆ ಬೆರಳು ಹಾಕಿದರೆ ಶಂಖದ ಆ ಮೂರು ಏಣುಗಳು ಸಿಕ್ಕುವುದಿಲ್ಲ. ನಡುಗಂಬವು ಹೆಚ್ಚುಕಡಮೆ ನುಣುಪು. ಗೋಡೆ ತೆಳು, ಕೊಕ್ಕು ನೀಳ. ಉಬ್ಬಿದ ಹೆಗಲಿನ ಸುತ್ತ ಗುಬಟುಗಳು, ಅಥವಾ ಅವನ್ನು ಅರೆದು ಅಳಿಸಿದ ಕುರುಹು. ಇದು ಟರ್ಬಿನೆಲ್ಲವೇ ಅಲ್ಲ. ಬುಸಿಕಾನ್ ಎಂಬ ಬೇರೆ ಬಳಗಕ್ಕೆ ಸೇರಿದ ಇದನ್ನು ಇಂಗ್ಲಿಷಿನಲ್ಲಿ ಮಿಂಚಿನ ಚಿಪ್ಪು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಎಳೆಯ ಚಿಪ್ಪಿನ ಮೇಲೆ ಮಿಂಚಿನ ಬಳ್ಳಿಯಂತಹ ಕಂದು ಗೆರೆಗಳಿರುವುದು ಅದಕ್ಕೆ ಕಾರಣ. ಈ ಜೀವಿಯಲ್ಲಿ ಎಡಸುರುಳಿಯೇ ನಿಯಮ, ಬಲಸುರುಳಿಯೇ ಅಪವಾದ. ಎಡಕ್ಕೆ ತಿರುಗಿದ ಈ ಬಳಗಕ್ಕೆ ಲಿನೇಯಸನು ೧೭೫೮ರಲ್ಲಿ ‘ವಿಪರೀತ’ ಎಂಬರ್ಥದ ಹೆಸರನ್ನೇ ಇಟ್ಟನು. ಇದರ ತವರು ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವ ತೀರದ ದಕ್ಷಿಣ ಭಾಗ, ಫ್ಲಾರಿಡಾ ಮತ್ತು ಮೆಕ್ಸಿಕೋ ಕೊಲ್ಲಿಯ ಸುತ್ತಣ ಕಡಲು. ಟೆಕ್ಸಾಸ್ ಸಂಸ್ಥಾನವು ೧೯೮೭ರಲ್ಲಿ ಇದನ್ನು ತನ್ನ ರಾಜ್ಯಚಿಪ್ಪೆಂದು ಸಾರಿತು. ಹಿಂದೂ ಮಹಾಸಾಗರದಲ್ಲಿ ಇದು ಹುಟ್ಟುವುದಿಲ್ಲ. ಅಲ್ಲಿ ರಾಶಿರಾಶಿಯಾಗಿ ದೊರೆಯುವ ವಸ್ತುವು ಇಲ್ಲಿ ಲಕ್ಷಕ್ಕೊಂದೆಂಬ ಬೆಲೆಗೆ ಮಾರಾಟವಾಗುತ್ತದೆ.

ಆ ಅಮೆರಿಕದ ಚಿಪ್ಪನ್ನು ಮಾತ್ರ ಹೀಗಳೆಯಬಾರದು. ತನ್ನ ನಾಡಿನಲ್ಲಿ ಅದಕ್ಕೂ ಶಂಖದಷ್ಟೇ ಮನ್ನಣೆಯಿತ್ತು. ಯೂರೋಪಿನವರು ಕಾಲಿಡುವುದಕ್ಕೆ ಮುನ್ನ ಅಲ್ಲಿನ ಮೂಲನಿವಾಸಿಗಳು ಅದರಿಂದ ಪಾನಪಾತ್ರೆಗಳನ್ನೂ ಮಣಿಗಳನ್ನೂ ಪದಕಗಳನ್ನೂ ಮಾಡುತ್ತಿದ್ದರು. ಕಡಲಿನಿಂದ ನೂರಾರು ಕಿಲೋಮೀಟರು ಒಳಗಿರುವ ಒಕ್ಲಹೋಮಾದ ಸ್ಪೈರೋ ಎಂಬಲ್ಲಿನ ದಿಬ್ಬಗಳಲ್ಲಿ, ದೇವತೆಗಳ ಮತ್ತು ನರ್ತಕರ ಚಿತ್ರಗಳನ್ನು ಕೊರೆದ ಅಂತಹ ಬಟ್ಟಲುಗಳು ಅನೇಕ ದೊರೆತಿವೆ. ಕಡಲನ್ನೇ ಕಾಣದ ಜನರ ಕೈಗೆ ಕಡಲಿನ ಚಿಪ್ಪು ತಲುಪಿತೆಂದರೆ ನಡುವೆ ವ್ಯಾಪಾರದ ದಾರಿಯಿತ್ತೆಂದೇ ಅರ್ಥ. ಹೀಗೆ ಊಹಿಸಲು ಆಧಾರವೇನು? ಆ ಪ್ರಾಣಿಯು ಎಲ್ಲೆಲ್ಲಿ ಬಾಳುತ್ತದೆ, ಎಲ್ಲೆಲ್ಲಿ ಬಾಳುವುದಿಲ್ಲ ಎಂಬುದು ಖಚಿತವಾಗಿ ತಿಳಿದಿರುವುದೇ ಆಧಾರ. ಪ್ರಾಣಿಯ ಈ ನೆಲೆಯ ಎಲ್ಲೆಗೆ ವ್ಯಾಪ್ತಿಯೆನ್ನುತ್ತಾರೆ.

ಕೆಲವು ಕಡಲಪ್ರಾಣಿಗಳ ವ್ಯಾಪ್ತಿ ಅಪಾರ. ಚೌಕಾಬಾರಕ್ಕೆ ಬಳಸುವ ಕವಡೆಯನ್ನೇ ನೋಡಬಹುದು. ಆಫ್ರಿಕದ ಪೂರ್ವ ತೀರದಿಂದ ಹಿಡಿದು ಶಾಂತಸಾಗರದ ನಡುವಣ ದ್ವೀಪಗಳವರೆಗೆ ಅದು ಹರಡಿದೆ. ಕವಡೆಯ ಮರಿಗಳು ಮೊಟ್ಟೆಯೊಡೆದು ಬಂದಾಗ ಧೂಳಿನ ಕಣದಷ್ಟು ಹಗುರ. ಅವು ಕೆಲಕಾಲ ನೀರಿನಲ್ಲಿ ತೇಲಿ ಈಜುತ್ತ, ಪ್ರವಾಹವು ಒಯ್ದಲ್ಲಿಗೆ ಹೋಗಿ, ಆಮೇಲೆ ನೆಲಕ್ಕಿಳಿಯುತ್ತವೆ. ಆದುದರಿಂದ ಕವಡೆಯೊಂದು ಎಲ್ಲಿಯೋ ದೊರೆತರೆ ಅದು ಯಾವ ಕಡಲಿನಿಂದ ಬಂದಿತೆಂದು ನಿಶ್ಚಯಿಸುವುದು ಕಷ್ಟ.

ಶಂಖದ ರೀತಿ ಬೇರೆ. ತಾಯಿಶಂಖವು ಮರಳಿನಲ್ಲಿ ಮೊಟ್ಟೆಗಳ ಚೀಲವೊಂದನ್ನು ನೆಡುತ್ತದೆ. ಅದು ಟಗರಿನ ಕೊಂಬಿನಂತೆ ತಿರುಚಿಕೊಂಡು, ಕೋಣೆಕೋಣೆಯಾಗಿ ಭಾಗವಾಗಿರುತ್ತದೆ. ಒಂದೊಂದು ಕೋಣೆಯಲ್ಲಿಯೂ ಹಲವು ಮರಿಗಳು. ಬಲವಾದವು ತಮ್ಮ ಒಡಹುಟ್ಟಿದವನ್ನೇ ತಿಂದು ಬೆಳೆಯುತ್ತವೆ! ಕೇಳಲು ಕ್ರೂರವೆನಿಸಿದರೂ, ಹೀಗೆ ಬೆಳೆದ ಮರಿಗಳು ಹೊರಗೆ ಬರುವಾಗ ಪೂರ್ಣಾಕಾರದ ಪುಟ್ಟ ಶಂಖಗಳೇ ಆಗಿರುತ್ತವೆ. ಈಜುವ ಅವಸ್ಥೆಯೇ ಅವುಗಳಿಗಿಲ್ಲ. ಚೀಲದಿಂದಿಳಿದು ಹುಟ್ಟಿದಲ್ಲಿಯೇ ಮರಳಿನ ಮೇಲೆ ತೆವಳತೊಡಗುತ್ತವೆ. ತೆವಳಿಕೊಂಡು ಮಹಾಸಾಗರವನ್ನು ದಾಟಲಾದೀತೆ?

ಆದುದರಿಂದಲೇ ಶಂಖವು ಭಾರತ ಮತ್ತು ಅದರ ನೆರೆಯ ತೀರಗಳ ಎಲ್ಲೆಯಲ್ಲಿಯೇ ಉಳಿದುಕೊಂಡಿತು. ತಮಿಳುನಾಡಿಗೂ ಶ್ರೀಲಂಕೆಗೂ ನಡುವಣ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳು ಅದರ ಮುಖ್ಯ ನೆಲೆ. ತೂತ್ತುಕುಡಿ, ರಾಮೇಶ್ವರ, ಜಾಫ್ನಾಗಳ ಹೆಸರು ಶಂಖದೊಡನೆ ಶತಮಾನಗಳಿಂದ ಕೂಡಿಬಂದಿದೆ. ಕೇರಳದ ದಕ್ಷಿಣ ತೀರದಲ್ಲಿಯೂ ಅದು ಉಂಟು. ಪಶ್ಚಿಮದಲ್ಲಿ ಇನ್ನೊಂದು ನೆಲೆ ಗುಜರಾತಿನ ಕಛ್ ಕೊಲ್ಲಿ ಮತ್ತು ಅದರಾಚೆಯ ಕರಾಚಿಯ ಕಡೆಯ ತೀರ. ಕಾರವಾರದಿಂದ ಮಂಗಳೂರಿನವರೆಗಿನ ಕನ್ನಡ ಕರಾವಳಿಯು ಶಂಖದ ಬೀಡೆಂದು ಹೆಸರಾದುದಲ್ಲ. ನಮ್ಮ ದೇವರ ಮನೆಗಳ ಶಂಖಗಳು ಬಹುಮಟ್ಟಿಗೆ ತೆಂಕಣ ಕಡಲಿನಿಂದ ಬಂದವು. ಇದೇ ಕುಲಕ್ಕೆ ಸೇರಿದ ಬೇರೆ ಪ್ರಭೇದಗಳೂ ಜಗತ್ತಿನಲ್ಲಿಲ್ಲದಿಲ್ಲ. ಒಂದು ಕೆರಿಬಿಯನ್ ಸಮುದ್ರದಲ್ಲಿದೆ, ಇನ್ನೊಂದು ಬ್ರೆಜಿಲ್ಲಿನ ತೀರದಲ್ಲಿದೆ. ಅವು ದಾಯಾದಿಗಳು, ನಮ್ಮ ಶಂಖವಲ್ಲ.

ಪ್ರತಿಯೊಂದು ಕಡಲಿನ ಶಂಖವೂ ತನ್ನ ನೆರೆಯ ಕಡಲಿನ ಶಂಖದೊಡನೆ ಬೆರೆಯುವುದು ಕಡಮೆಯಾದುದರಿಂದ ಅವುಗಳ ಆಕಾರದಲ್ಲಿಯೂ ಭೇದವುಂಟಾಗಿದೆ. ಮನ್ನಾರ್ ಕೊಲ್ಲಿಯವು ನೀಳ. ಪಾಕ್ ಕೊಲ್ಲಿಯವು ಗಿಡ್ಡಾಗಿ ಉಬ್ಬಿದಂಥವು. ತೂತ್ತುಕುಡಿಯ ವರ್ತಕರು ಇವನ್ನು ಕಣ್ಣಂದಾಜಿನಲ್ಲಿಯೇ ಬೇರೆಬೇರೆ ಹೆಸರಿನಿಂದ ವಿಂಗಡಿಸಿ ಬೇರೆಬೇರೆ ಬೆಲೆ ಕಟ್ಟುತ್ತಿದ್ದರು. ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬ ಪ್ರಾಣಿವಿಜ್ಞಾನಿಯು ಮುಳುಗುಗಾರರ ಮತ್ತು ವರ್ತಕರ ಈ ಅರಿವನ್ನು ಶ್ರದ್ಧೆಯಿಂದ ಕಲೆಹಾಕಿ, ಭಾರತದ ಪವಿತ್ರ ಶಂಖವನ್ನು ಕುರಿತು ೧೯೧೪ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಉಸಿರು ಕಟ್ಟಿ ಮುಳುಗಿ, ಮರಳಿನಲ್ಲಿ ಶಂಖದ ಜಾಡನ್ನು ಹುಡುಕುವವನಿಗೆ ತಿಳಿದಿದ್ದುದು ಪುಸ್ತಕಕ್ಕೆ ಬಂದುದು ಹೀಗೆ.

ಇನ್ನು ಶಂಖದ ಅತಿ ಹಳೆಯ ಸಾಕ್ಷ್ಯವನ್ನು ನೋಡಬಹುದು. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಬೋಲನ್ ಕಣಿವೆಯ ಬಳಿ, ಮೆಹರ್‌ಗಢವೆಂಬ ಪ್ರಾಚೀನ ನೆಲೆಯಿದೆ. ಎಂಟು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ಮಣ್ಣು ಮಾಡಿದವರ ಜೊತೆಯಲ್ಲಿ ಇಟ್ಟಿದ್ದ ಒಡವೆಗಳಲ್ಲಿ ಶಂಖದ ಬಳೆಗಳೂ ದೊರೆತಿವೆ. ಕಡಲು ಅಲ್ಲಿಂದ ಸುಮಾರು ೫೦೦ ಕಿಲೋಮೀಟರು ದೂರ. ಚಕ್ರವಿಲ್ಲದ, ಲೋಹದ ಬಳಕೆ ಇನ್ನೂ ನೆಲೆಗೊಳ್ಳದ ಕಾಲದಲ್ಲಿ ಆ ಬಳೆಯು ಬೆಟ್ಟಬಯಲುಗಳನ್ನು ದಾಟಿ ಅಲ್ಲಿಗೆ ಬಂದಿತು. ಯಾರು ತಂದರು, ಅದಕ್ಕೆ ಪ್ರತಿಯಾಗಿ ಏನನ್ನು ಪಡೆದರು ಎಂಬುದನ್ನು ಬರೆದಿಟ್ಟವರಿಲ್ಲ. ಬರೆವಣಿಗೆಯೇ ಆಗ ಹುಟ್ಟಿರಲಿಲ್ಲ. ಚಿಪ್ಪು ಇದೇ ಪ್ರಭೇದದ್ದು ಎಂಬ ಗುರುತೂ, ಆ ಪ್ರಭೇದದ ವ್ಯಾಪ್ತಿಯ ತಿಳಿವಳಿಕೆಯೂ ಸೇರಿ ಅಷ್ಟು ದೂರದ ಪಯಣವನ್ನು ನಮಗೆ ಕಾಣಿಸಿಕೊಡುತ್ತವೆ.

ಹರಪ್ಪ ಮತ್ತು ಮೊಹೆಂಜೊದಾರೊ ನಗರಗಳು ಏಳಿಗೆಯಲ್ಲಿದ್ದ ಕಾಲಕ್ಕೆ ಶಂಖದ ಕೆಲಸವು ದೊಡ್ಡ ಉದ್ಯಮವೇ ಆಗಿತ್ತು. ಕಛ್ ಕೊಲ್ಲಿಯ ದಕ್ಷಿಣ ದಡದಲ್ಲಿರುವ ನಾಗೇಶ್ವರವೆಂಬ ಸ್ಥಳದಲ್ಲಿ ೧೯೮೦ರ ದಶಕದಲ್ಲಿ ಅಗೆದು ನೋಡಿದಾಗ, ಕೊಯ್ದ ಶಂಖಗಳ ಅವಶೇಷಗಳು ರಾಶಿಯಾಗಿ ದೊರೆತವು. ಅಲ್ಲಿನ ಕುಶಲಕರ್ಮಿಗಳು ಚಿಪ್ಪಿಚಿಪ್ಪಿಗೂ ಭೇದವನ್ನು ಚೆನ್ನಾಗಿ ಬಲ್ಲವರು. ಬಳೆಗೆ ಗಟ್ಟಿಯಾದ ಟರ್ಬಿನೆಲ್ಲವನ್ನೇ ಆರಿಸುತ್ತಿದ್ದರು. ಸೌಟುಗಳನ್ನು ಮಾಡಲು ಮೈಮೇಲೆ ಮುಳ್ಳುಗಳಿರುವ ಬೇರೊಂದು ಚಿಪ್ಪನ್ನು ಬಳಸುತ್ತಿದ್ದರು. ಶಂಖದ ನಡುಗಂಬವನ್ನೂ ವ್ಯರ್ಥವಾಗಗೊಡದೆ ಅದರಿಂದ ಮಣಿ ಮೊದಲಾದ ಸಣ್ಣ ವಸ್ತುಗಳನ್ನು ಮಾಡುತ್ತಿದ್ದರು. ಲಿನೇಯಸನಿಗಿಂತ ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ಪ್ರಭೇದಗಳನ್ನು ಕೈಯಿಂದ ಮುಟ್ಟಿ ವಿಂಗಡಿಸುತ್ತಿದ್ದ ಈ ಜನರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಇಂದಿನ ಇರಾಕಿನಲ್ಲಿರುವ ಪ್ರಾಚೀನ ನಗರಗಳಲ್ಲಿ ದೊರೆತ ಕೆಲವು ಚಿಪ್ಪಿನ ವಸ್ತುಗಳನ್ನೂ ವಿದ್ವಾಂಸರು ಶಂಖದವೆಂದು ಗುರುತಿಸಿದ್ದಾರೆ. ಆ ವಸ್ತುಗಳು ಸಿಂಧೂ ನಾಡಿನೊಡನೆ ಆ ನಗರಗಳಿಗಿದ್ದ ಕಡಲ ವ್ಯಾಪಾರಕ್ಕೆ ಸಾಕ್ಷಿಯಾಗಿವೆ.

ನಡುಗಂಬದ ತುಂಡಿನಲ್ಲಿ ಏಣುಗಳಿರುತ್ತವೆ, ಸರಿ. ಬಳೆಯ ಬರಿಯ ಚೂರನ್ನು ಶಂಖದ್ದೆಂದು ಹೇಳುವುದು ಹೇಗೆ? ಬಳೆಯನ್ನು ಕೊಯ್ಯುವುದು ಹೊರಗಿನ ದೊಡ್ಡ ಸುರುಳಿಯಿಂದ. ಸುರುಳಿಯೆಂದರೆ ಪೂರ್ಣ ವೃತ್ತವಲ್ಲ. ಅದರ ಕೊನೆಯು ಆರಂಭವನ್ನು ಸೇರದೆ ಒಳಕ್ಕೆ ಸರಿದುಹೋಗುತ್ತದೆ. ಆದುದರಿಂದ ಕೊಯ್ದ ಪ್ರತಿಯೊಂದು ಬಳೆಯಲ್ಲಿಯೂ ಸುರುಳಿಗಳೆರಡು ಕೂಡುವೆಡೆಯಲ್ಲಿ ಓರೆಯಾದ ಗೆರೆಯೊಂದು ಸಹಜವಾಗಿಯೇ ಬೀಳುತ್ತದೆ. ಗೋಡೆಯ ದಪ್ಪ, ಬಾಗಿನ ಅಳತೆ, ಈ ಗೆರೆಯ ಓರೆ, ಇವುಗಳನ್ನು ಕೂಡಿಸಿ ನೋಡಿ ಪರಿಣತರು ತೀರ್ಮಾನಕ್ಕೆ ಬರುತ್ತಾರೆ. ಹರಪ್ಪದ ಕರ್ಮಿಗಳ ಕಣ್ಣಿಗೂ ಆ ಗೆರೆ ಬಿದ್ದಿತ್ತು. ಅದನ್ನು ಕುಂದೆಂದು ಬಿಡದೆ, ಅದೇ ಎಡೆಯಲ್ಲಿ ಗುಬ್ಬಚ್ಚಿಯ ರೆಕ್ಕೆ ಬಿಚ್ಚಿದಂತೆ ಎರಡು ಓರೆಗೆರೆಗಳು ಕೂಡುವ ಕೋನಾಕಾರದ ಅಲಂಕಾರವನ್ನು ಕೊರೆದರು. ಬಳೆಯ ಮೇಲಿನ ಗರಗಸದ ಗೀರುಗಳು ಕೊಂಚ ಬಾಗಿರುವುದರಿಂದ, ಅವರ ಗರಗಸದ ಅಲಗೂ ಬಾಗಿದ್ದುದೇ ಎಂದು ಸಂಶೋಧಕರು ಊಹಿಸಿದ್ದಾರೆ.

ವಂಗದೇಶದಲ್ಲಿ ಮದುವೆಯಾದ ಹಿಂದೂ ಸ್ತ್ರೀಯರು ಇಂದಿಗೂ ಶಂಖದ ಬಿಳಿ ಬಳೆಗಳನ್ನು ತೊಡುತ್ತಾರೆ. ಶಂಖವು ಹುಟ್ಟುವುದು ತೆಂಕಣ ತೀರದಲ್ಲಿ; ಬಳೆಯಾಗುವುದು ಬಿಷ್ಣುಪುರದಲ್ಲಿ, ಢಾಕಾದ ಶಾಂಖಾರಿ ಬಜಾರದಲ್ಲಿ. ಅಲ್ಲಿನ ಹಳೆಯ ಕರ್ಮಿಗಳು ನೆಲದ ಮೇಲೆ ಕುಳಿತು, ಶಂಖವನ್ನು ಪಾದದಿಂದ ಒತ್ತಿಹಿಡಿದು, ಅರ್ಧಚಂದ್ರಾಕಾರದ ಭಾರಿ ಗರಗಸವನ್ನು ಎರಡೂ ಕೈಗಳಿಂದ ಅತ್ತಿತ್ತ ತೂಗುತ್ತ ಕೊಯ್ಯುತ್ತಿದ್ದರು. ಈಗ ಬಹುಮಟ್ಟಿಗೆ ವಿದ್ಯುತ್ ಯಂತ್ರಗಳು ಆ ಕೆಲಸವನ್ನು ಮಾಡುತ್ತವೆ. ಆದರೂ ಯಂತ್ರದಿಂದ ಹೊರಬಂದ ಬಳೆಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದರೆ, ಸುರುಳಿಗಳೆರಡು ಕೂಡುವಲ್ಲಿ ಅದೇ ಓರೆಗೆರೆ ಕಾಣುತ್ತದೆ.